ಬೆನ್ನ ಹಿಂದಿನ ಮಾತು

ಆ ಸಲೂನಿನಲ್ಲಿ ಕುರ್ಚಿಗಳು ಮೂರಿದ್ದರೂ ಗಿರಾಕಿಗಳು ಕೂರುತ್ತಿದ್ದದ್ದು ನಡುವಿನದರಲ್ಲಿ ಮಾತ್ರ. ಆಚೀಚೆಯ ಕನ್ನಡಿಗಳ ಮೇಲೆ ಬೆಳಕು ನೆಟ್ಟಗೆ ಬೀಳುತ್ತಿರಲಿಲ್ಲ. ಬೆಳಕಿಲ್ಲದಿದ್ದರೆ ಗಿರಾಕಿಯ ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ಕತ್ತರಿ ಹಿಡಿದವನಿಗೆ ಮಾತು ತಿಳಿಯುವುದಿಲ್ಲ. ತನಗೆ ಬೆನ್ನು ಹಾಕಿ ಕೂತವರ ಮಾತನ್ನು ಎದುರಿನ ಕನ್ನಡಿಯಲ್ಲಿ ಓದಿಕೊಂಡೇ ಅವನು ಒಂಬತ್ತು ವರ್ಷ ಅಂಗಡಿ ನಡೆಸಿದ್ದ. ಅದಕ್ಕೇ ಬೀದಿಯವರು ಅವನಿಗೆ ಕನ್ನಡಿಯಣ್ಣ ಎಂದು ಹೆಸರಿಟ್ಟಿದ್ದರು. ಅದು ಗೇಲಿಯೋ ಪ್ರೀತಿಯೋ ಎಂದು ಅವನು ತಲೆ ಕೆಡಿಸಿಕೊಂಡವನಲ್ಲ. ಹೇಗೂ ಅವನಿಗೆ ಅದು ಕೇಳಿಸುತ್ತಿರಲಿಲ್ಲವಲ್ಲ!

ಅವನೇನು ಹುಟ್ಟು ಕಿವುಡನಲ್ಲ. ನಲವತ್ತರ ಆಸುಪಾಸಿನಲ್ಲಿ ಎಡಗಿವಿ ಮಂದವಾಯಿತು. ಬಲಗಿವಿ ಇದೆಯಲ್ಲ ಎಂದು ಕಾಲ ತಳ್ಳಿದ. ನಲವತ್ತಾರಕ್ಕೆ ಬಂದ ಜ್ವರವೊಂದು ಹನ್ನೊಂದು ದಿನ ಮೈ ಸುಟ್ಟು, ಹೋಗುವಾಗ ಬಲಗಿವಿಯನ್ನೂ ಕಟ್ಟಿಕೊಂಡು ಹೋಯಿತು. ಕಿವಿಗೆ ಸಿಕ್ಕಿಸುವ ಮಷಿನ್‌ಗಳನ್ನು ಎರಡು ಮೂರು ಸಲ ಬದಲಾಯಿಸಿ ನೋಡಿದ್ದಾಯಿತು. ಗದ್ದಲ ದೊಡ್ಡದಾಯಿತೇ ಹೊರತು ಮಾತು ಬಿಡಿಬಿಡಿಯಾಗಿ ಸಿಗಲಿಲ್ಲ. ಕೊನೆಗೆ ಅವನ್ನೆಲ್ಲ ಡಬ್ಬಕ್ಕೆ ಹಾಕಿ ತುಟಿ ಓದುವುದನ್ನು ಕಲಿತ.

ತುಟಿ ಓದುವುದೂ ಎಷ್ಟೆಂದರೂ ಅರ್ಧ ಊಹೆಯ ಕೆಲಸ. ಮಾವ ಅಂದರೂ ಭಾವ ಅಂದರೂ ತುಟಿಯ ಮೇಲೆ ಎರಡೂ ಒಂದೇ. ಮೂಲೆಯ ಔಷಧಿ ಅಂಗಡಿಯವನು ಒಮ್ಮೆ ತನ್ನ ಮಾವ ತೀರಿಕೊಂಡರು ಅಂದದ್ದನ್ನು ಇವನು ಭಾವ ಎಂದು ಓದಿಕೊಂಡ. ಮರುವಾರ ಅದೇ ಭಾವ ಗುಂಡುಕಲ್ಲಿನ ಹಾಗೆ ಬಂದು ನಡುವಿನ ಕುರ್ಚಿಯಲ್ಲಿ ಕೂತಾಗ ಕನ್ನಡಿಯಣ್ಣನ ಕೈಯಿಂದ ಬಾಚಣಿಗೆ ಜಾರಿತ್ತು. ಬೀದಿಯವರು ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕರು. ಅವನೂ ನಕ್ಕ. ನಗುವಾಗ ಒಳಗೇ ಸಣ್ಣಗೆ ನೋಯುತ್ತಿತ್ತು, ಅಷ್ಟೇ.

ಮನೆಯಲ್ಲಿದ್ದದ್ದು ಅವನು ಮತ್ತು ಅವನ ಹೆಂಡತಿ, ಇಬ್ಬರೇ. ಅವಳದು ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುವ ಕೆಲಸ. ದಿನವಿಡೀ ಪಿಸುಗುಟ್ಟಬೇಕು, ಬೇರೆಯವರನ್ನೂ ಪಿಸುಗುಟ್ಟಿಸಬೇಕು. ಸಂಜೆ ಮನೆಗೆ ಬಂದು ಬಾಯಿ ತುಂಬ ಮಾತಾಡೋಣವೆಂದರೆ ಗಂಡನಿಗೆ ಕೇಳಿಸುವುದಿಲ್ಲ. ಹಾಗಾಗಿ ಅವಳು ತನ್ನಷ್ಟಕ್ಕೆ ಮಾತಾಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಗೋಡೆಗೆ, ಬಕೆಟ್ಟಿಗೆ, ಗಂಡನ ಬೆನ್ನಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಅವನೆದುರು ಬಂದಾಗ ಮಾತ್ರ ಮುಖ ಬೆಳಕಿಗೆ ತಿರುಗಿಸಿ, ನಿಧಾನವಾಗಿ, ಬೇಕಾದಷ್ಟೇ ಮಾತು. ಆಸ್ಪತ್ರೆ, ಬ್ಯಾಂಕು, ಬಸ್ಸು, ನೆಂಟರ ಮನೆ, ಎಲ್ಲಿಗೆ ಹೋದರೂ ಅವನ ಕಿವಿ ಅವಳೇ.

ಕಾಕ್ಲಿಯರ್ ಇಂಪ್ಲಾಂಟ್ ಸಂಗತಿಯನ್ನು ತಂದವಳೂ ಅವಳೇ. ಗ್ರಂಥಾಲಯಕ್ಕೆ ಬರುತ್ತಿದ್ದ ನಿವೃತ್ತ ಇಂಜಿನಿಯರೊಬ್ಬರು ಅದನ್ನು ಹಾಕಿಸಿಕೊಂಡಿದ್ದರಂತೆ. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಜಾಗವಿದೆ, ಅಲ್ಲಿಗೆ ಕೂದಲೆಳೆಯಂಥ ತಂತಿ ಇಳಿಸುತ್ತಾರೆ. ಹೊರಗೆ ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ, ಅದರಿಂದ ಹೊರಟ ಬಿಲ್ಲೆಯೊಂದು ಆಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡಿರುತ್ತದೆ. ಆರು ತಿಂಗಳು ಅವಳು ಹಟ ಹಿಡಿದ ಮೇಲೆ ಕನ್ನಡಿಯಣ್ಣ ಒಪ್ಪಿದ. ಆಪರೇಷನ್‌ನ ದಿನ ಕಿವಿಯ ಹಿಂದೆ ಕೂದಲು ಬೋಳಿಸಲು ನರ್ಸ್ ಬಂದಾಗ, “ಆ ಬ್ಲೇಡ್ ಇಲ್ಲಿ ಕೊಡಮ್ಮ, ನಮ್ಮ ಕಸುಬಿಗೆ ಮರ್ಯಾದೆ ಬೇಡ್ವಾ,” ಎಂದು ತಾನೇ ಬೋಳಿಸಿಕೊಂಡ.

ಗಾಯ ಮಾಯ್ದು ನಾಲ್ಕು ವಾರವಾದ ಮೇಲೆ ಯಂತ್ರವನ್ನು ಚಾಲೂ ಮಾಡುವ ದಿನ ಬಂತು. ಅದನ್ನು ನೋಡಿಕೊಳ್ಳುವ ಶ್ರವಣ ತಜ್ಞೆಗೆ ಇವನು ಮೊದಲ ಭೇಟಿಯಲ್ಲೇ ಕಿವಿ ಮೇಡಂ ಎಂದು ಹೆಸರಿಟ್ಟಿದ್ದ. ಸಣ್ಣ ಆಳು, ದೊಡ್ಡ ಕನ್ನಡಕ, ಯಾವುದಕ್ಕೂ ಅವಸರವಿಲ್ಲ. ಆಕೆ ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿ, ಅವನ ಹೆಂಡತಿಯ ಕಡೆಗೆ ಕೈ ಮಾಡಿದಳು. ಹೆಂಡತಿ ಕುರ್ಚಿಯ ತುದಿಗೆ ಜರುಗಿ ಕೂತು, “ರೀ, ಕೇಳಿಸ್ತಾ?” ಅಂದಳು.

ಅವನಿಗೆ ಕೇಳಿಸಿದ್ದು ತಗಡಿನ ಡಬ್ಬದೊಳಗೆ ಸಿಕ್ಕಿಕೊಂಡ ಬಾತುಕೋಳಿ. ಅವಳ ತುಟಿ ಆಡಿದಾಗೆಲ್ಲ ಬಾತುಕೋಳಿ ಡಬ್ಬವನ್ನು ಕುಟ್ಟುತ್ತಿತ್ತು. ಒಂಬತ್ತು ವರ್ಷ ಅವನು ಅವಳ ದನಿಯನ್ನು ತಲೆಯೊಳಗೆ ಜೋಪಾನ ಮಾಡಿಟ್ಟುಕೊಂಡಿದ್ದ. ಸ್ವಲ್ಪ ಒರಟು, ಸಾಲಿನ ಕೊನೆಗೆ ತುಸು ಎಳೆಯುವ ದನಿ. ಅದರ ಸುಳಿವೇ ಇರಲಿಲ್ಲ.

ಆದರೆ ಅವಳ ಮುಖ ನೋಡಿದ. ಬಾಯಲ್ಲಿ ಬಂದದ್ದು, “ಕೇಳಿಸ್ತು. ಚೆನ್ನಾಗಿ ಕೇಳಿಸ್ತು.”

ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಕಿವಿ ಮೇಡಂ ಕನ್ನಡಕ ಸರಿಮಾಡಿಕೊಂಡಳು. ಆ ಒಂದು ಸುಳ್ಳು ಆಮೇಲೆ ಅವನಿಗೆ ಕೊರಳಿಗೆ ಕಟ್ಟಿದ ಕಲ್ಲಾಯಿತು.

ಅಂಗಡಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಕತ್ತರಿಯ ಸದ್ದು ಗಾಜು ಪುಡಿಯಾದಂತೆ, ಫ್ಯಾನಿನ ಸದ್ದು ಗಿರಣಿಯಂತೆ, ಹೊರಗೆ ಹೋಗುವ ಗಾಡಿಗಳು ತಲೆಬುರುಡೆಯ ಒಳಗೇ ಹಾಯ್ದುಹೋದಂತೆ. ಇದರ ನಡುವೆ ಗಿರಾಕಿಯ ಮಾತು ಎಲ್ಲಿಂದ ಹೆಕ್ಕುವುದು? ಮೂರನೇ ವಾರಕ್ಕೆ ಅವನು ಯಂತ್ರವನ್ನು ಬಿಚ್ಚಿ ಬಾಚಣಿಗೆಗಳ ಡ್ರಾಯರಿಗೆ ಹಾಕಿದ. ಒಮ್ಮೆಲೇ ಎಲ್ಲ ತಣ್ಣಗಾಯಿತು. ಕನ್ನಡಿಯಲ್ಲಿ ತುಟಿಗಳು ಎಂದಿನಂತೆ ಅಲುಗುತ್ತಿದ್ದವು. ಅಬ್ಬಾ ಎಂದುಕೊಂಡ. ಅಂದಿನಿಂದ ಬೆಳಿಗ್ಗೆ ಮನೆಯಿಂದ ಹೊರಡುವಾಗ ಯಂತ್ರ ಕಿವಿಯ ಮೇಲೆ, ಅಂಗಡಿ ಸೇರಿದೊಡನೆ ಡ್ರಾಯರಿನಲ್ಲಿ. ರಾತ್ರಿ ಮನೆಯ ಮೆಟ್ಟಿಲ ಹತ್ತಿರ ಮತ್ತೆ ಕಿವಿಗೆ, ಊಟವಾದೊಡನೆ ಮಲಗುವ ನೆಪದಲ್ಲಿ ಮತ್ತೆ ಕೆಳಗೆ.

ಆರನೇ ತಿಂಗಳ ಪರೀಕ್ಷೆಗೆ ಹೆಂಡತಿಯೂ ಜೊತೆಗೆ ಬಂದಳು. ಪರೀಕ್ಷೆಯೆಂದರೆ, ಕಿವಿ ಮೇಡಂ ಬಟ್ಟೆ ಬಿಗಿದ ಒಂದು ಬಳೆಯನ್ನು ಬಾಯಿಗೆ ಅಡ್ಡ ಹಿಡಿದು ಒಂದೊಂದೇ ಪದ ಹೇಳುತ್ತಾಳೆ, ಇವನು ಕೇಳಿದ್ದನ್ನು ತಿರುಗಿ ಹೇಳಬೇಕು. ತುಟಿ ಕಾಣುವಂತಿಲ್ಲ. ನೂರಕ್ಕೆ ಇಪ್ಪತ್ತನಾಲ್ಕು ಬಂತು. ಮೂರನೇ ತಿಂಗಳಲ್ಲಿ ಬಂದದ್ದು ಇಪ್ಪತ್ತೆರಡು.

ಹೆಂಡತಿಯ ಮುಖ ಸಪ್ಪಗಾಯಿತು. “ಯಂತ್ರದಲ್ಲೇ ಏನಾದ್ರೂ ಕೆಟ್ಟಿರಬಹುದಾ ಮೇಡಂ?”

“ನೋಡೋಣ,” ಎಂದು ಆಕೆ ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಗೆರೆಗಳು ಬಂದವು. ಆಕೆ ಅದನ್ನು ಅವರಿಬ್ಬರಿಗೂ ಕಾಣುವಂತೆ ತಿರುಗಿಸಿ, ಅವನಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು. “ಯಂತ್ರ ಚೆನ್ನಾಗೇ ಇದೆ. ದಿನಕ್ಕೆ ಎಷ್ಟು ಹೊತ್ತು ತಲೆ ಮೇಲಿತ್ತು ಅಂತ ಇದು ತಾನೇ ಬರೆದಿಟ್ಟುಕೊಳ್ಳುತ್ತೆ. ನಿಮ್ಮದು ಒಂದು ಗಂಟೆ ನಲವತ್ತು ನಿಮಿಷ.”

ಕನ್ನಡಿಯಣ್ಣನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಯಂತ್ರ ಚಾಡಿ ಹೇಳುತ್ತದೆಂದು ಅವನಿಗೇನು ಗೊತ್ತು!

“ಮೇಡಂ, ನನಗೆ ಐವತ್ತಾರು,” ಅಂದ ಸಾವರಿಸಿಕೊಂಡು. “ಈ ವಯಸ್ಸಲ್ಲಿ ಬರಲ್ಲ ಬಿಡಿ.”

“ವಯಸ್ಸಿನ ಮಾತು ಆಮೇಲೆ ನೋಡೋಣ. ಆ ತಂತಿ ನಿಮ್ಮ ತಲೆಗೆ ಕೊಡೋದು ಬರೀ ಮಿಡಿತ. ಅದನ್ನ ಮಾತು ಅಂತ ಗುರುತು ಹಿಡಿಯೋದು ತಲೆ. ತಲೆಗೆ ದಿನಾ ಪಾಠ ಆಗ್ಬೇಕು. ಆಪರೇಷನ್ ಆಗಿ ಎಷ್ಟು ತಿಂಗಳಾಯ್ತು ಅನ್ನೋದೊಂದೇ ಅಲ್ಲ, ಆ ತಿಂಗಳಲ್ಲಿ ಎಷ್ಟು ಹೊತ್ತು ಹಾಕ್ಕೊಂಡ್ರಿ ಅನ್ನೋದೂ ಮುಖ್ಯ. ತುಂಬ ಜನಕ್ಕೆ ಮೊದಲನೇ ವರ್ಷದಲ್ಲೇ ಜಾಸ್ತಿ ಬರುತ್ತೆ. ಕೆಲವರಿಗೆ ಎರಡನೇ ವರ್ಷದಲ್ಲೂ, ಅದರಾಚೆಗೂ ಏರ್ತಾ ಹೋಗುತ್ತೆ. ನಿಮಗೆ ಎಷ್ಟು ಬರುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಡ್ರಾಯರಿನಲ್ಲಿ ಇಟ್ರೆ ಏನೂ ಬರಲ್ಲ ಅಂತ ಮಾತ್ರ ಬರೆದು ಕೊಡ್ತೀನಿ.”

ಡ್ರಾಯರಿನ ವಿಷಯ ಆಕೆಗೆ ಹೇಗೆ ಗೊತ್ತಾಯಿತೋ! ಬಹುಶಃ ಎಲ್ಲರೂ ಡ್ರಾಯರಿಗೇ ಹಾಕುತ್ತಾರೇನೋ.

ಬಸ್ಸಿನಲ್ಲಿ ಹೆಂಡತಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಮನೆಗೆ ಬಂದು ಚೀಲವನ್ನು ಮೊಳೆಗೆ ತಗುಲಿಹಾಕಿ, ಬೆಳಕಿಗೆ ಮುಖ ಮಾಡಿ ನಿಂತಳು. “ನನ್ನ ಮಾತು ಕೇಳಿಸ್ಕೊಳ್ಳೋದು ಅಷ್ಟು ಬೇಜಾರಾ ನಿಮಗೆ?”

“ಅಯ್ಯೋ, ಹಾಗಲ್ವೇ.”

“ಮತ್ತೆ ಹೇಗೆ?”

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವನು ಬಾಯಿಬಿಟ್ಟ. “ನಿನ್ನ ದನಿ ನಿನ್ನದಲ್ಲ. ಅವತ್ತು ಚೆನ್ನಾಗಿ ಕೇಳಿಸ್ತು ಅಂದಿದ್ದು ಸುಳ್ಳು.”

“ಯಾರ ದನಿ ಥರ ಕೇಳಿಸುತ್ತೆ?”

ಅವನು ನೆಲ ನೋಡಿದ. “ಬಾತುಕೋಳಿ ಥರ.”

ಅವಳು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು. ಅಳುತ್ತಿದ್ದಾಳೆಂದು ಗಾಬರಿಯಾಗಿ ಬಗ್ಗಿ ನೋಡಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಗು. “ಆರು ತಿಂಗಳು... ಆರು ತಿಂಗಳು ಬಾತುಕೋಳಿ ಹತ್ರ ಹ್ಞೂಂ ಹ್ಞೂಂ ಅಂದ್ರಾ?” ಎಂದು ಕೇಳುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಗಿತ್ತು. ಅವನಿಗೂ ನಗು ಬಂತು. ಆರು ತಿಂಗಳಿಂದ ಕೊರಳಲ್ಲಿದ್ದ ಕಲ್ಲು ಕಳಚಿ ಬಿದ್ದಂತಾಯಿತು.

ಮರುದಿನ ಬೆಳಿಗ್ಗೆಯೇ ಅವಳು ಗ್ರಂಥಾಲಯದಿಂದ ಹಿಂದೆಯೇ ತಂದಿಟ್ಟಿದ್ದ ಒಂದು ದಪ್ಪ ಪುಸ್ತಕ ಹಿಡಿದು ಅವನೆದುರು ಕೂತಳು. ಹಡಗಿನಲ್ಲಿ ಊರೂರು ಸುತ್ತಿದವನೊಬ್ಬನ ಕಥೆ. ಪುಸ್ತಕವನ್ನು ಮೂಗಿನ ತನಕ ಎತ್ತಿ ಹಿಡಿದು, ಒಂದೊಂದೇ ಸಾಲು ಓದುವಳು. ಅವನು ತಿರುಗಿ ಹೇಳಬೇಕು.

“ಹಡಗು ದಡ ಮುಟ್ಟಿತು.”

“ಹುಡುಗಿ... ಗಡ್ಡ ಮುಟ್ಟಿದಳು.”

“ನಿಮ್ಮ ತಲೇಲಿ ಬರೀ ಗಡ್ಡಾನೇ ತುಂಬಿದೆ! ಇನ್ನೊಂದ್ಸಲ.”

ದಿನಕ್ಕೆ ನಾಲ್ಕು ಪುಟ, ಅದಾದ ಮೇಲೆ ತಿಂಡಿ. ಯಂತ್ರ ಈಗ ಎದ್ದಾಗ ತಲೆಗೇರಿದರೆ ಮಲಗುವಾಗ ಇಳಿಯುತ್ತಿತ್ತು. ಅಂಗಡಿಯಲ್ಲಿ ಮೊದಲ ಎರಡು ವಾರ ತಲೆ ಸಿಡಿಯಿತು. ಫ್ಯಾನು ಆರಿಸಿದ, ಗಿರಾಕಿಗಳು ಬೆವೆತು ಬೈದರು. “ಎರಡು ತಿಂಗಳು ಸಹಿಸ್ಕೊಳ್ಳಿ, ನಾನು ಶಾಲೆಗೆ ಹೋಗ್ತಿದೀನಿ,” ಎಂದು ಅವರನ್ನು ಸಮಾಧಾನ ಮಾಡಿದ. ಕತ್ತರಿಯ ಸದ್ದು ಮೆಲ್ಲಗೆ ಕತ್ತರಿಯದ್ದಾಯಿತು. ಆಮೇಲೆ ಫ್ಯಾನು ಫ್ಯಾನಾಯಿತು. ಹೀಗೆ ಒಂದೊಂದೇ ಸದ್ದು ತನ್ನ ಜಾಗಕ್ಕೆ ಹೋಗಿ ಕೂತಾಗ, ಅವುಗಳ ಸಂದಿಯಲ್ಲಿ ಮಾತು ಕಾಣಿಸತೊಡಗಿತು. ಒಂದು ದಿನ ಇದ್ದಕ್ಕಿದ್ದಂತೆ ಐದಾರು ಪದ ಸಿಕ್ಕಿ ಅವನು ಹಿಗ್ಗಿದರೆ, ಮರುದಿನ ಎಲ್ಲ ಮಣ್ಣುಪಾಲು. ಹೋಯಿತು ಎಂದು ಕೈಚೆಲ್ಲುವಷ್ಟರಲ್ಲಿ ಇನ್ನೆರಡು ಪದ. ಒಂಬತ್ತನೇ ತಿಂಗಳಲ್ಲಿ, ಗೋಡೆಗೆ ಮುಖ ಮಾಡಿ ಉಸ್ತರ ಮಸೆಯುತ್ತಿದ್ದಾಗ ಹಿಂದಿನಿಂದ ಯಾರೋ, “ಕನ್ನಡಿಯಣ್ಣಾ, ಬಾಗಿಲು ಹಾಕ್ಲಾ?” ಅಂದರು. “ಬೇಡ, ಗಾಳಿ ಬರ್ಲಿ,” ಅಂದುಬಿಟ್ಟ. ಅಂದ ಮೇಲೆ ಮೈ ಜುಮ್ಮೆಂದಿತು. ತಿರುಗಿ ನೋಡಿದರೆ ಬಾಗಿಲ ಹತ್ತಿರ ಔಷಧಿ ಅಂಗಡಿಯವನು ಬಾಯಿ ತೆರೆದುಕೊಂಡು ನಿಂತಿದ್ದ.

ಹೆಂಡತಿಯ ದನಿ ಬಂದದ್ದು ಇನ್ನೂ ತಡವಾಗಿ. ಬಾತುಕೋಳಿ ಮೊದಲು ಮನುಷ್ಯನಾಯಿತು, ಆಮೇಲೆ ಶೀತವಾದ ಹೆಂಗಸಾಯಿತು. ಒಂದು ಬೆಳಿಗ್ಗೆ ಓದುವ ನಡುವೆ ಅವಳು ಪುಟ ತಿರುಗಿಸಿ ಗಂಟಲು ಸರಿಮಾಡಿಕೊಂಡಳು. ಆ ಖೆಂ ಅವಳದೇ. ಸಂಶಯವೇ ಇಲ್ಲ, ಮದುವೆಯಾದ ಹೊಸದರಲ್ಲಿ ಪಕ್ಕದ ಕೋಣೆಯಿಂದ ಕೇಳುತ್ತಿದ್ದ ಅದೇ ಖೆಂ! ಅದರ ಹಿಂದೆಯೇ ಬಂದ ಸಾಲೂ ಅವಳ ದನಿಯಲ್ಲೇ ಬಂತು, ಕೊನೆಗೆ ತುಸು ಎಳೆದುಕೊಂಡು. ಅವನು ತಿರುಗಿ ಹೇಳಲಿಲ್ಲ.

“ಯಾಕ್ರೀ, ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು,” ಅಂದ. “ಇನ್ನೊಂದ್ಸಲ ಓದು. ಸುಮ್ನೆ ಓದು.”

ವರ್ಷ ತುಂಬಿದಾಗ ಪರೀಕ್ಷೆಯಲ್ಲಿ ಐವತ್ತೆಂಟು ಬಂತು. ಕಿವಿ ಮೇಡಂ ಅವಸರವಿಲ್ಲದೆ ಎರಡು ಸಲ ಎಣಿಸಿ, ಕನ್ನಡಕ ತೆಗೆದು ಒರೆಸಿಕೊಂಡಳು. “ಗದ್ದಲದಲ್ಲಿ ಇನ್ನೂ ಕಷ್ಟ ಇದೆ. ಬಿಡಬೇಡಿ,” ಅಂದಳು.

ಒಂದು ವಿಷಯವನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಅವನಿಗೀಗ ಅಲ್ಲಲ್ಲಿ ಕೇಳಿಸುತ್ತಿತ್ತು. ಅವಳಿಗೆ ಅದರ ಅರಿವಿರಲಿಲ್ಲ. ಎದುರು ಕೂತು ಓದಿದರೆ ಕೇಳಿಸುತ್ತದೆ, ಬೆನ್ನ ಹಿಂದೆ ಗೊಣಗಿದ್ದು ಕೇಳಿಸುವುದಿಲ್ಲ ಎಂದೇ ಅವಳ ಲೆಕ್ಕಾಚಾರ. “ಒದ್ದೆ ಟವೆಲ್ ಹಾಸಿಗೆ ಮೇಲೆ. ಮೂವತ್ತು ವರ್ಷದಿಂದ ಹಾಸಿಗೆ ಮೇಲೆ,” ಎಂದು ಅವಳು ಗೋಡೆಗೆ ದೂರು ಕೊಟ್ಟರೆ, ಮರುದಿನ ಟವೆಲ್ ಹಗ್ಗದ ಮೇಲೆ. “ಚಪ್ಪಲಿ ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ,” ಅಂದರೆ, ಮರುದಿನ ಚಪ್ಪಲಿ ಜೋಡಿಯಾಗಿ ಬಾಗಿಲ ಬದಿಗೆ. ಅವಳು ಚಪ್ಪಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ಈ ಮನುಷ್ಯನಿಗೆ ಏನಾಗಿದೆ?” ಅಂದದ್ದೂ ಅವನಿಗೆ ಕೇಳಿಸಿತು. ಮುಖ ಆಚೆ ತಿರುಗಿಸಿ ನಗು ನುಂಗಿಕೊಂಡ.

ಹದಿನಾಲ್ಕನೇ ತಿಂಗಳಿನ ಒಂದು ಭಾನುವಾರ ಮಧ್ಯಾಹ್ನ ಅವನು ಬಾಲ್ಕನಿಯಲ್ಲಿ ಕುರ್ಚಿಯ ಕಾಲಿಗೆ ಮೊಳೆ ಹೊಡೆಯಲು ಕೂತಿದ್ದ. ಅಡುಗೆಮನೆಯ ಕಿಟಕಿ ತೆರೆದಿತ್ತು. ಹೆಂಡತಿ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಟವೆಲ್ಲಿನದೋ ಚಪ್ಪಲಿಯದೋ ಹೊಸ ದೂರು ಸಿಕ್ಕೀತೆಂದು ಅವನು ಸುತ್ತಿಗೆ ಕೆಳಗಿಟ್ಟು ಕಿವಿಗೊಟ್ಟ.

“ಎಡಗಂಕುಳ ಹತ್ರ, ಅಕ್ಕಾ... ಹ್ಞೂಂ, ಗಡ್ಡೆ... ಗುರುವಾರ ಸೂಜಿ ಹಾಕಿ ತೆಗೆದು ನೋಡ್ತಾರಂತೆ.” ಆ ಕಡೆಯಿಂದ ಅಕ್ಕ ಏನೋ ಅಂದಿರಬೇಕು. “ಬೇಡ, ಅವರಿಗೆ ಹೇಳ್ಬೇಡ. ಪಾಪ, ಈಗಷ್ಟೇ ನಾಲ್ಕು ಮಾತು ಕಿವಿಗೆ ಬೀಳ್ತಿದೆ. ಅದರಲ್ಲಿ ಇದೂ ಒಂದಾಗೋದು ಬೇಡ.”

ತಕ್ಷಣವೇ ಅವನ ಮನಸ್ಸು ತಪ್ಪಿಸಿಕೊಳ್ಳುವ ದಾರಿ ಹಿಡಿಯಿತು. ಗಡ್ಡೆ ಅಂದಳೋ, ಗಡ್ಡ ಅಂದಳೋ? ತನಗೆ ಎಲ್ಲವೂ ಗಡ್ಡವಾಗಿ ಕೇಳಿಸುವುದು ಹೊಸದೇನಲ್ಲ. ಇದೂ ಹಾಗೇ ಯಾಕಾಗಿರಬಾರದು? ಐವತ್ತೆಂಟು ಅಂದರೆ ನಲವತ್ತೆರಡು ತಪ್ಪು ಎಂದೂ ಆಯಿತಲ್ಲ. ಆ ನಲವತ್ತೆರಡರ ಬಾಲ ಹಿಡಿದುಕೊಂಡು ಅವನು ಸಂಜೆಯವರೆಗೆ ತೇಲಿದ. ಆದರೆ ಕಂಕುಳ ಹತ್ತಿರ ಗಡ್ಡ ಬೆಳೆದವರನ್ನು ಅವನು ಮೂವತ್ತೈದು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ತನ್ನ ಕಿವಿ ತಪ್ಪು ಹೇಳಿರಲಿ ಎಂದು ಬೇಡಿಕೊಂಡ.

ಬುಧವಾರ ಬೆಳಿಗ್ಗೆ ಓದು ಮುಗಿದ ಮೇಲೆ ಅವಳು ಪುಸ್ತಕ ಮುಚ್ಚಿ, “ನಾಳೆ ನಾನು ಬೇಗ ಹೋಗ್ತೀನಿ. ಗ್ರಂಥಾಲಯದಲ್ಲಿ ಪುಸ್ತಕ ಎಣಿಸೋದಿದೆ,” ಅಂದಳು.

“ನಾನೂ ಬರ್ತೀನಿ.”

“ಪುಸ್ತಕ ಎಣಿಸೋಕಾ?”

“ಆಸ್ಪತ್ರೆಗೆ.”

ಅವಳ ಕೈ ಪುಸ್ತಕದ ಮೇಲೆ ಹಾಗೇ ನಿಂತಿತು. “ಅಕ್ಕ ಹೇಳಿದ್ಲಾ?”

“ನೀನೇ ಹೇಳಿದ್ದು. ಕಿಟಕಿ ತೆಗೆದಿತ್ತು.”

ಅವಳು ಅವನ ಕಿವಿಯ ಹಿಂದಿನ ಯಂತ್ರವನ್ನು ಹೊಸದಾಗಿ ಕಂಡವಳಂತೆ ನೋಡಿದಳು. “ಎಷ್ಟು ದಿನದಿಂದ ಕೇಳಿಸ್ತಿದೆ ನಿಮಗೆ?”

“ಟವೆಲ್ ಹಗ್ಗಕ್ಕೆ ಹೋದಾಗಿನಿಂದ.”

“ಕಳ್ಳ,” ಅಂದಳು. ಅಷ್ಟರಲ್ಲಿ ತಡೆದಿಟ್ಟ ಅಳು ಒಡೆದುಕೊಂಡು ಬಂತು. ಅವನು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ. ಅವಳ ಅಳುವಿನ ಸದ್ದು ಹೇಗಿರುತ್ತದೆಂಬುದನ್ನು ಅವನು ಮರೆತೇಬಿಟ್ಟಿದ್ದ. ಒಂಬತ್ತು ವರ್ಷದಲ್ಲಿ ಅವಳು ಎಷ್ಟು ಸಲ ಹೀಗೆ ಪಕ್ಕದ ಕೋಣೆಯಲ್ಲಿ ಅತ್ತು ಮುಗಿಸಿದ್ದಳೋ ಎಂದು ಆಗ ಅವನಿಗೆ ಹೊಳೆಯಿತು.

ಗುರುವಾರ ಸೂಜಿ ಹಾಕಿದರು. ಅದರ ಮುಂದಿನ ಗುರುವಾರ ಫಲಿತಾಂಶ. ಆ ಏಳು ದಿನ ಹೇಗೆ ಕಳೆದವೆಂದು ಇಬ್ಬರನ್ನೂ ಕೇಳಬಾರದು. ಅವಳು ಗೊಣಗುವುದನ್ನೂ ಬಿಟ್ಟಿದ್ದಳು. ಬೆಳಗಿನ ನಾಲ್ಕು ಪುಟ ಮಾತ್ರ ತಪ್ಪಲಿಲ್ಲ; ಹಡಗಿನವನು ಬಿರುಗಾಳಿಯಲ್ಲಿ ಸಿಕ್ಕಿಕೊಂಡಿದ್ದ ಭಾಗವನ್ನು ಅವಳು ಅವಸರವಸರವಾಗಿ ಓದಿ ದಾಟಿಸಿದಳು.

ಆಸ್ಪತ್ರೆಯ ಹಜಾರದಲ್ಲಿ ಜನವೋ ಜನ. ಮೇಲೆ ಎಲ್ಲೋ ಒಂದು ಸ್ಪೀಕರು ಚೀಟಿಯ ನಂಬರು ಕೂಗುತ್ತಿತ್ತು. ಮಕ್ಕಳು ಅಳುತ್ತಿದ್ದವು, ಗಾಲಿಕುರ್ಚಿಗಳು ಕಿರುಗುಟ್ಟುತ್ತಿದ್ದವು. ಇಂಥ ಕಡೆ ಹಿಂದೆಲ್ಲ ಕಿವಿ ನಿಮಿರಿಸಿ ಕೂರುತ್ತಿದ್ದವಳು ಅವಳು. ಅವನು ಅವಳ ಮುಖ ನೋಡುತ್ತಾ ಕೂರುತ್ತಿದ್ದ. ಇವತ್ತು ಅವಳು ಚೀಟಿಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಾ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಹೆದರಿಕೆಗೆ ಅವಳ ಕಿವಿ ಮುಚ್ಚಿಹೋಗಿತ್ತು. ಅವನು ಕಣ್ಣು ಮುಚ್ಚಿ ಸ್ಪೀಕರಿಗೆ ಜೋತುಬಿದ್ದ. ಮೂವತ್ತ... ಏನೋ. ನಲವತ್ತ... ಮಗು ಚೀರಿತು. ನಲವತ್ತ ಎಷ್ಟು? ಎದ್ದು ಸ್ಪೀಕರಿನ ಕೆಳಗೇ ಹೋಗಿ ನಿಂತ. ಎರಡನೇ ಸಲ ಕೂಗಿದ್ದು ನೆಟ್ಟಗೆ ಬಂತು: ನಲವತ್ತೇಳು.

“ಎದ್ದೇಳು, ನಮ್ಮದೇ,” ಎಂದು ಬಂದು ಅವಳ ಭುಜ ತಟ್ಟಿದ.

“ಕೂಗಿದ್ರಾ?” ಅವಳು ಬೆಚ್ಚಿದಳು. “ನಂಗೆ ಕೇಳಿಸ್ಲೇ ಇಲ್ಲ.”

ಒಳಗೆ ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದರು. ಕಣ್ಣು ಬಿಟ್ಟರೆ ಬೇರೇನೂ ಕಾಣದು. ಅವರು ಕಂಪ್ಯೂಟರಿನ ಕಡೆಗೆ ತಿರುಗಿಕೊಂಡೇ ಗಡಗಡ ಏನೋ ಹೇಳತೊಡಗಿದರು. ಅದರಲ್ಲಿ ಗಡ್ಡೆ ಎಂಬುದೊಂದು ಅವನಿಗೆ ಸಿಕ್ಕಿತು, ಆಮೇಲೆ ಯಾವುದೋ ಉದ್ದನೆಯ ಹೆಸರು, ಆಮೇಲೆ ಕ್ಯಾನ್ಸರ್. ಹೆಂಡತಿಯ ಕೈ ಅವನ ತೋಳನ್ನು ಉಗುರು ನಾಟುವಂತೆ ಹಿಡಿಯಿತು. ಅವಳ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಆ ಒಂದು ಪದದ ಆಚೆಗೆ ಅವಳು ಏನನ್ನೂ ಕೇಳಿಸಿಕೊಂಡಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಕ್ಯಾನ್ಸರ್ ಎಂಬುದರ ಹಿಂದೆಯೇ ಇನ್ನೊಂದು ಪುಟ್ಟ ಪದವಿತ್ತು. ಎರಡೇ ಅಕ್ಷರ. ಅದು ಡಾಕ್ಟರ ಮಾಸ್ಕಿನಲ್ಲೇ ಉಳಿದುಹೋಯಿತು.

“ಡಾಕ್ಟ್ರೇ,” ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. “ಒಂದ್ನಿಮಿಷ. ನನಗೆ ಕಿವಿ ಕೇಳ್ಸಲ್ಲ, ಈ ಯಂತ್ರದಲ್ಲಿ ಕೇಳಿಸ್ಕೊಳ್ತೀನಿ. ದಯವಿಟ್ಟು ಈ ಕಡೆ ತಿರುಗಿ, ನಿಧಾನಕ್ಕೆ ಇನ್ನೊಂದ್ಸಲ ಹೇಳಿ. ನಾನು ತಿರುಗಿ ಹೇಳ್ತೀನಿ, ಸರಿಯಾ ತಪ್ಪಾ ನೋಡಿ.”

ಡಾಕ್ಟರು ತಿರುಗಿ ಅವನ ತಲೆಯ ಬಿಲ್ಲೆಯನ್ನು ನೋಡಿದರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಇದು ಕೊಬ್ಬಿನ ಗಡ್ಡೆ,” ಅಂದರು ಒಂದೊಂದೇ ಪದ ಬಿಡಿಸಿ.

“ಇದು ಕೊಬ್ಬಿನ ಗಡ್ಡೆ.”

“ಕ್ಯಾನ್ಸರ್ ಅಲ್ಲ.”

“ಕ್ಯಾನ್ಸರ್... ಅಲ್ಲ?”

“ಅಲ್ಲ. ಏನೂ ಮಾಡ್ಬೇಕಾಗಿಲ್ಲ. ದೊಡ್ಡದಾದ್ರೆ, ನೋವಾದ್ರೆ ಮಾತ್ರ ಬನ್ನಿ.”

ಅವನು ಅದನ್ನೂ ಅಕ್ಷರ ಬಿಡದೆ ತಿರುಗಿ ಹೇಳಿದ. ಹೇಳುತ್ತಾ ಹೇಳುತ್ತಾ ಹೆಂಡತಿಯ ಕಡೆಗೆ ತಿರುಗಿದ. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು.

“ಅಲ್ಲ ಅಂದ್ರು ಕಣೇ,” ಅಂದ.

“ನಿಜವಾಗ್ಲೂ? ಸರಿಯಾಗಿ ಕೇಳಿಸ್ಕೊಂಡ್ರಾ ನೀವು?”

ಮಾಸ್ಕಿನ ಮೇಲೆ ಡಾಕ್ಟರ ಕಣ್ಣುಗಳು ನಗುವಿಗೆ ಕಿರಿದಾದವು. “ಸರಿಯಾಗೇ ಕೇಳಿಸ್ಕೊಂಡಿದಾರೆ ಅಮ್ಮಾ. ನಮ್ಮಲ್ಲಿಗೆ ಬರೋ ಕಿವಿ ನೆಟ್ಟಗಿರೋರು ಯಾರೂ ಇಷ್ಟು ಚೆನ್ನಾಗಿ ಕೇಳಿಸ್ಕೊಳ್ಳಲ್ಲ.”

ಹೊರಗೆ ಬಂದು ಇಬ್ಬರೂ ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಕೂತರು. ಬಿಸಿ ಟೀ ಒಂದು ಗುಟುಕು ಒಳಗೆ ಇಳಿದ ಮೇಲೆ ಅವಳಿಗೆ ಮಾತಿನ ಕಟ್ಟೆಯೊಡೆಯಿತು. ಏಳು ದಿನದ ಮಾತು, ಹದಿನೈದು ದಿನದ ಮಾತು, ಗಡ್ಡೆ ಕೈಗೆ ಸಿಕ್ಕ ದಿನದ ಮಾತು. ಪಕ್ಕದ ಮೇಜಿನಲ್ಲಿ ನಾಲ್ಕು ಜನ ಜೋರಾಗಿ ವಾದಿಸುತ್ತಿದ್ದರು, ಒಲೆ ಭುಸುಗುಟ್ಟುತ್ತಿತ್ತು, ಲೋಟಗಳು ಕಣಕಣ ಅನ್ನುತ್ತಿದ್ದವು. ಕನ್ನಡಿಯಣ್ಣನಿಗೆ ಅವಳು ಹೇಳಿದ್ದರಲ್ಲಿ ಮೂರಕ್ಕೊಂದು ಪಾಲೂ ದಕ್ಕಲಿಲ್ಲ.

“ನಾನು ಹೇಳ್ತಿರೋದು ಕೇಳಿಸ್ತಿದೆಯಾ?” ಅವಳು ನಡುವೆ ನಿಲ್ಲಿಸಿ ಕೇಳಿದಳು.

“ಇಲ್ಲ,” ಅಂದ. “ಈ ಗಲಾಟೇಲಿ ಒಂದೂ ನೆಟ್ಟಗೆ ಕೇಳಿಸ್ತಿಲ್ಲ. ನೀನು ಹೇಳು, ಮನೆಗೆ ಹೋಗಿ ಇನ್ನೊಂದ್ಸಲ ಮೊದಲಿಂದ ಹೇಳು.”

ಅವಳು ನಕ್ಕು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಆ ಕಡೆಯಿಂದ ಹಾಕಿದ ಕೂಗು ಪಕ್ಕದ ಮೇಜಿನವರಿಗೂ ಕೇಳಿಸಿ ಅವರ ವಾದವೇ ಒಂದು ಕ್ಷಣ ನಿಂತಿತು.

ವಾಪಸು ಬರುವ ಬಸ್ಸು ಮಧ್ಯಾಹ್ನದ ಹೊತ್ತಿಗೆ ಅರ್ಧ ಖಾಲಿಯಿತ್ತು. ಅವಳು ಕಿಟಕಿಯ ಪಕ್ಕ ಕೂತಳು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಅವಳ ತಲೆ ವಾಲಿ ಅವನ ಭುಜದ ಮೇಲೆ ಬಂತು. ಹದಿನೈದು ದಿನದ ನಿದ್ದೆ ಒಟ್ಟಿಗೆ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಅವಳು ಒರಗಿದ್ದು ಯಂತ್ರವಿದ್ದ ಕಡೆಯ ಭುಜಕ್ಕೇ ಆದ್ದರಿಂದ ಅದು ಗರಗಸ ಎಳೆದಷ್ಟು ಸ್ಪಷ್ಟವಾಗಿ ಅವನೊಳಗೆ ಇಳಿಯಿತು. ಮುಂದಿನ ಸೀಟಿನವನು ತಿರುಗಿ ನೋಡಿದ. ಕನ್ನಡಿಯಣ್ಣ ಅವನಿಗೆ ಸುಮ್ಮನೆ ತಲೆಯಾಡಿಸಿದ.

ಕಂಡಕ್ಟರು ಅವರು ಇಳಿಯಬೇಕಾದ ನಿಲ್ದಾಣದ ಹೆಸರನ್ನು ಬಾಗಿಲ ಬಳಿಯಿಂದ ಕೂಗಿದ. ಎಂಜಿನ್ನಿನ ಸದ್ದಿನ ನಡುವೆಯೂ ಹೆಸರು ಪೂರಾ ಕೇಳಿಸಿತು. ಅವನು ಅವಳನ್ನು ಎಬ್ಬಿಸಲು ಕೈಯೆತ್ತಿದವನು, ಹೋಗಲಿ ಬಿಡು ಎಂದುಕೊಂಡು ಕೈ ಕೆಳಗಿಳಿಸಿದ. ಬಸ್ಸು ಮುಂದಕ್ಕೆ ಹೋಯಿತು.